ಹಸು ಕಟ್ಟುವ ಮುನ್ನ ಮಂಡಿಯೂರಿ ನೋಡಿ

ಹಾಸನದ ಹತ್ತಿರದ ಹಳ್ಳಿಯೊಂದರಲ್ಲಿ ಪರಿಚಯದ ರೈತರೊಬ್ಬರು ಹೊಸ ಕೊಟ್ಟಿಗೆ ಕಟ್ಟಿಸಿ, ಒಮ್ಮೆ ಬಂದು ನೋಡಿ ಎಂದು ಕರೆದಿದ್ದರು. ಹದಿನಾಲ್ಕು ಎಚ್‌ಎಫ್ ಹಸುಗಳು, ಸಿಮೆಂಟಿನ ನೆಲ, ಉದ್ದಕ್ಕೂ ಗೋದಲಿ, ಮೇಲೆ ಜಿಂಕ್ ಶೀಟು, ಮೂಲೆಯಲ್ಲಿ ಹಾಲು ಕರೆಯುವ ಯಂತ್ರ. ಎಲ್ಲವೂ ಈಗಷ್ಟೇ ತೊಳೆದಿಟ್ಟ ಹಾಗೆ ಚೊಕ್ಕಟ. ಮಧ್ಯಾಹ್ನ ಎರಡು ಗಂಟೆ, ಹಸುಗಳು ಮಲಗಿ ಮೆಲುಕು ಹಾಕಬೇಕಾದ ಹೊತ್ತು. ಹದಿನಾಲ್ಕರಲ್ಲಿ ಹನ್ನೊಂದು ನಿಂತೇ ಇದ್ದವು. ಒಂದು ಹಸು ಮಲಗಲು ನೋಡಿತು. ತಲೆ ತಗ್ಗಿಸಿ ನೆಲ ಮೂಸಿತು, ಮುಂಗಾಲನ್ನು ಅರ್ಧ ಮಡಚಿತು, ಮತ್ತೆ ಎದ್ದು ನಿಂತಿತು. ಹೀಗೆ ಮೂರು ಸಲ. ನಾಲ್ಕನೆಯ ಸಲ ಧೊಪ್ಪನೆ ಕುಸಿಯಿತು. ಅದರ ಮಂಡಿಯ ಮೇಲೆ ಕೂದಲು ಉದುರಿ ನಿಂಬೆಹಣ್ಣಿನಷ್ಟು ಗಾತ್ರದ ಬಾವು ಬೆಳೆದಿತ್ತು.

"ಇದೇನಣ್ಣ ಮಂಡಿ ಹಿಂಗಾಗಿದೆ?" ಎಂದೆ.

"ಎಲ್ಲಕ್ಕೂ ಹಂಗೇ ಆಯ್ತದೆ ಸಾರ್. ಸೀಮೆಹಸು ಅಲ್ವಾ?"

ಆ ಬಾವು ತಳಿಯಿಂದ ಬಂದದ್ದಲ್ಲ, ನೆಲದಿಂದ ಬಂದದ್ದು. ಅವರು ಕ್ರೂರಿಯಲ್ಲ. ಹಸುವಿಗೆ ಜ್ವರ ಬಂದರೆ ರಾತ್ರಿಯಿಡೀ ಪಕ್ಕದಲ್ಲೇ ಕೂರುವ ಮನುಷ್ಯ. ಆದರೆ ಕೊಟ್ಟಿಗೆ ಕಟ್ಟುವಾಗ ಸಗಣಿ ಬಾಚಲು ಸುಲಭವಾಗಲಿ ಎಂದು ಯೋಚಿಸಿದ್ದರೇ ಹೊರತು, ಹಸು ಅಲ್ಲಿ ಹೇಗೆ ಮಲಗುತ್ತದೆ ಎಂದು ಯೋಚಿಸಿರಲಿಲ್ಲ. ಅವರಿಗೆ ಅದನ್ನು ಹೇಳಿಕೊಟ್ಟವರೂ ಇರಲಿಲ್ಲ. ಈ ಲೇಖನ ಅವರಂಥವರಿಗಾಗಿ. ಹತ್ತು ಹಸು ಕಟ್ಟಿ ಡೇರಿ ಶುರು ಮಾಡೋಣ ಎಂದು ಊರಿಗೆ ಮರಳುತ್ತಿರುವ ಹುಡುಗರಿಗಾಗಿ, ಈಗಾಗಲೇ ಕಟ್ಟಿಕೊಂಡವರಿಗಾಗಿ, ದಿನಾ ಬೆಳಗ್ಗೆ ಆ ಹಾಲು ಕೊಳ್ಳುವವರಿಗಾಗಿ ಕೂಡ.

ನಮ್ಮ ರಾಜ್ಯದಲ್ಲಿ ಕೆಎಂಎಫ್ ಸಂಗ್ರಹಿಸುವ ಹಾಲು 2024ರ ಜೂನ್‌ನಲ್ಲಿ ದಿನಕ್ಕೆ ಒಂದು ಕೋಟಿ ಲೀಟರ್ ದಾಟಿತು. ಇದರಲ್ಲಿ ಹೆಚ್ಚಿನ ಪಾಲು ಎರಡು, ನಾಲ್ಕು ಹಸು ಕಟ್ಟಿದ ಮನೆಗಳದ್ದು. ಪರದೇಶದ ಸಾವಿರ ಹಸುವಿನ ಫಾರ್ಮುಗಳ ಚಿತ್ರ ನೋಡಿ, ಅಂಥ ಹಿಂಸೆ ನಮ್ಮಲ್ಲಿಲ್ಲ ಎಂದು ನಾವು ಸಮಾಧಾನಪಡುತ್ತೇವೆ. ಆದರೆ ಗೋಮಾಳ ಹೋಯಿತು, ಮೇಯಿಸುವ ಆಳು ಇಲ್ಲವಾಯಿತು. ಹಿಂದೆ ಬೆಳಗ್ಗೆ ಬಿಚ್ಚಿದರೆ ಸಂಜೆ ತಾನೇ ಮನೆ ಹುಡುಕಿಕೊಂಡು ಬರುತ್ತಿದ್ದ ಹಸು ಈಗ ಎರಡು ಅಡಿ ಹಗ್ಗದಲ್ಲಿ ವರ್ಷವಿಡೀ ನಿಂತಿದೆ. ಹಸು ಒಂದಿರಲಿ, ನೂರಿರಲಿ, ಅದರ ಕಷ್ಟ ಕಟ್ಟಿದ ಜಾಗದಿಂದಲೇ ಶುರು.

ಮೊದಲು ನೆಲ

ಹಾಲು ಕೊಡುವ ಹಸು ದಿನದಲ್ಲಿ ಸುಮಾರು ಹನ್ನೆರಡು ಗಂಟೆ ಮಲಗಬೇಕು. ಮಲಗಿದಾಗ ಕೆಚ್ಚಲಿಗೆ ರಕ್ತ ಚೆನ್ನಾಗಿ ಹರಿಯುತ್ತದೆ, ಮೆಲುಕು ಸರಾಗವಾಗುತ್ತದೆ, ಗೊರಸಿನ ಮೇಲಿನ ಭಾರ ಇಳಿಯುತ್ತದೆ. ಹೊಟ್ಟೆ ಹಸಿದ ಹಸುವಿಗೂ ಮಲಗಲು ಬಿಡದಿದ್ದರೆ, ಅವಕಾಶ ಸಿಕ್ಕಾಗ ಅದು ಮೇವಿಗಿಂತ ಮೊದಲು ಮಲಗುವುದನ್ನೇ ಆರಿಸಿಕೊಳ್ಳುತ್ತದೆ.

ನಿಮ್ಮ ಕೊಟ್ಟಿಗೆಯ ನೆಲ ಹೇಗಿದೆ ಎಂದು ತಿಳಿಯಲು ಖರ್ಚಿಲ್ಲದ ಪರೀಕ್ಷೆಯೊಂದಿದೆ. ಹಸು ಮಲಗುವ ಜಾಗಕ್ಕೆ ಹೋಗಿ, ನಿಂತಲ್ಲಿಂದ ಮಂಡಿಯೂರಿ. ಹಸು ಮಲಗುವಾಗಲೂ ಮೊದಲು ಊರುವುದು ಮುಂಗಾಲಿನ ಮಂಡಿಯನ್ನೇ, ಮೈಯ ಮುಂಭಾಗದ ಭಾರ ಅದರ ಮೇಲೇ ಬೀಳುತ್ತದೆ. ಅರವತ್ತು ಕೆಜಿಯ ನಿಮಗೆ ನೋವಾದರೆ ನಾನೂರು ಕೆಜಿಯ ಅದಕ್ಕೆ ಎಷ್ಟಾಗಬೇಡ! ಅಲ್ಲೇ ಅರ್ಧ ನಿಮಿಷ ಹಾಗೇ ಇದ್ದು ಏಳಿ. ಪ್ಯಾಂಟಿನ ಮಂಡಿ ಒದ್ದೆಯಾಗಿದ್ದರೆ ಆ ಹಸು ಗಂಜಲದ ತೇವದಲ್ಲಿ ಮಲಗುತ್ತಿದೆ ಎಂದರ್ಥ. ಅಂದರೆ ಅದರ ಮೊಲೆತೊಟ್ಟೂ ಆ ತೇವದಲ್ಲೇ ಇದೆ. ಕೆಚ್ಚಲು ಬಾವು ಬರುವುದು ಆ ದಾರಿಯಿಂದ.

ಹಾಸನದಲ್ಲಿ ನಾನು ಮಂಡಿಯೂರಿದಾಗ ಆ ರೈತರೂ ನಕ್ಕುಕೊಂಡೇ ಪಕ್ಕದಲ್ಲಿ ಊರಿದರು. ಎದ್ದಾಗ ನಗುತ್ತಿರಲಿಲ್ಲ.

ಸಿಮೆಂಟಿನ ಮೇಲೆ ರಬ್ಬರ್ ಮ್ಯಾಟ್ ಹಾಸುವುದು ಮೊದಲ ಪರಿಹಾರ. ಹಾಲು ಒಕ್ಕೂಟಗಳು ರಿಯಾಯಿತಿ ದರದಲ್ಲಿ ಮ್ಯಾಟ್ ಕೊಡುವುದುಂಟು, ನಿಮ್ಮ ಡೇರಿಯ ಕಾರ್ಯದರ್ಶಿಯನ್ನು ಕೇಳಿ. ಆದರೆ ಹಾಸಿ ಮರೆತರೆ ಮ್ಯಾಟಿನ ಅಡಿಯಲ್ಲಿ ಗಂಜಲ ನಿಂತು ನಾರುತ್ತದೆ. ವಾರಕ್ಕೊಮ್ಮೆಯಾದರೂ ಎತ್ತಿ ತೊಳೆದು ಬಿಸಿಲಿಗೆ ಹಾಕಬೇಕು. ಮ್ಯಾಟಿಗೆ ದುಡ್ಡಿಲ್ಲವೇ? ಒಣ ಹುಲ್ಲಿನ ಉಳಿಕೆ, ತರಗು, ಮರದ ಹೊಟ್ಟು, ಯಾವುದಾದರೂ ಸರಿ, ದಪ್ಪಗೆ ಹರಡಿ. ಮಲೆನಾಡಿನಲ್ಲಿ ಸೊಪ್ಪು, ದರಗು ಹಾಸಿ ಗೊಬ್ಬರ ಮಾಡುವ ಹಳೆಯ ಕೊಟ್ಟಿಗೆಯಲ್ಲಿ ಹಸುವಿನ ಮಂಡಿಗೆ ಬಾವು ಬಂದದ್ದನ್ನು ನಾನು ಕಂಡಿಲ್ಲ.

ಎರಡನೆಯ ಪರಿಹಾರ ಇನ್ನೂ ಒಳ್ಳೆಯದು: ಹಗ್ಗ ಬಿಚ್ಚುವುದು. ಸುತ್ತ ಕಲ್ಲುಕಂಬ ನೆಟ್ಟು, ತಂತಿಯನ್ನೋ ಪೈಪನ್ನೋ ಹಾಯಿಸಿ, ಒಳಗೆ ಹಸುಗಳನ್ನು ಬಿಡುವುದು. ಒಂದು ಹಸುವಿಗೆ ಸೂರಿನಡಿ 3.5 ಚದರ ಮೀಟರ್, ಬಯಲಲ್ಲಿ 7 ಚದರ ಮೀಟರ್ ಜಾಗ ಬೇಕೆಂಬುದು ನಮ್ಮ ದೇಶದಲ್ಲಿ ರೂಢಿಯಲ್ಲಿರುವ ಅಳತೆ. ಹತ್ತು ಹಸುವಿಗೆ ಲೆಕ್ಕ ಹಾಕಿದರೆ ಸುಮಾರು 1,130 ಚದರ ಅಡಿ, ಮೂವತ್ತು-ನಲವತ್ತರ ಒಂದು ಸೈಟಿಗಿಂತ ಕೊಂಚ ಕಡಿಮೆ. ಬಯಲಿನ ಭಾಗ ಮಣ್ಣಿನದೇ ಇರಲಿ, ಒಂದು ಬೇವಿನ ಮರವೋ ಹೊಂಗೆಯೋ ಇದ್ದರೆ ಸಾಕು. ಕಟ್ಟಿ ಹಾಕಿದ ಹಸು ಬೆದೆಗೆ ಬಂದದ್ದು ಎಷ್ಟೋ ಸಲ ಮಾಲೀಕನಿಗೆ ಗೊತ್ತೇ ಆಗುವುದಿಲ್ಲ. ಬಿಟ್ಟ ಹಸು ಒಂದರ ಮೇಲೊಂದು ಹಾರಿ ತೋರಿಸಿಕೊಡುತ್ತದೆ. ಇಪ್ಪತ್ತೊಂದು ದಿನ ತಪ್ಪಿದರೆ ಎಷ್ಟು ನಷ್ಟ ಎಂಬುದನ್ನು ಹಸು ಕಟ್ಟಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಗೊರಸನ್ನೂ ಮರೆಯಬಾರದು. ಕಲ್ಲುಮಣ್ಣಿನ ಮೇಲೆ ನಡೆಯದ ಹಸುವಿನ ಗೊರಸು ಸವೆಯದೆ ಚಪ್ಪಲಿಯಂತೆ ಮುಂದಕ್ಕೆ ಬೆಳೆಯುತ್ತದೆ. ವರ್ಷಕ್ಕೆ ಎರಡು ಸಲ ತಿಳಿದವರಿಂದ ಕತ್ತರಿಸಬೇಕು. ಹಸು ಬೆನ್ನು ಬಾಗಿಸಿ ನಡೆಯುತ್ತಿದ್ದರೆ, ಒಂದು ಕಾಲಿನ ಭಾರ ತಪ್ಪಿಸುತ್ತಿದ್ದರೆ, ಅದು ಸೋಮಾರಿತನವಲ್ಲ, ನೋವು.

ನೀರು, ಸೆಕೆ, ಹೊಟ್ಟೆ

ಹಾಲಿನಲ್ಲಿ ನೂರಕ್ಕೆ ಎಂಬತ್ತೇಳು ಪಾಲು ನೀರು. ಹದಿನೈದು ಲೀಟರ್ ಕೊಡುವ ಹಸು ಬೇಸಿಗೆಯಲ್ಲಿ ಎಪ್ಪತ್ತು, ನೂರು ಲೀಟರ್ ತನಕ ನೀರು ಕುಡಿಯಬಲ್ಲದು. ನಮ್ಮಲ್ಲಿ ಬಹಳ ಕಡೆ ಹಸುವಿಗೆ ನೀರು ಸಿಗುವುದು ದಿನಕ್ಕೆ ಎರಡೇ ಸಲ, ಬೂಸ ಕಲಸಿದ ಬಕೆಟ್ಟಿನಲ್ಲಿ. ನಮಗೆ ಊಟದ ಜೊತೆ ಮಾತ್ರ ನೀರು ಕೊಟ್ಟು ಉಳಿದ ಹೊತ್ತು ಬಿಸಿಲ ಕೊಟ್ಟಿಗೆಯಲ್ಲಿ ಕೂಡಿಹಾಕಿದರೆ ಹೇಗಿರುತ್ತದೆ? ಗೋದಲಿಯ ಪಕ್ಕದಲ್ಲಿ ಒಂದು ತೊಟ್ಟಿ, ಅದಕ್ಕೊಂದು ಫ್ಲೋಟ್ ವಾಲ್ವ್, ದಿನವಿಡೀ ತುಂಬಿದ ನೀರು. ಡೇರಿಯಲ್ಲಿ ಇದರಷ್ಟು ಬೇಗ ಅಸಲು ಮರಳಿಸುವ ಖರ್ಚು ಬೇರೊಂದಿಲ್ಲ.

ಎಚ್‌ಎಫ್ ಹಾಲೆಂಡಿನ ಕಡೆಯ ತಂಪು ಸೀಮೆಯ ದನ. ನಮಗೆ ಹಿತವೆನಿಸುವ 25 ಡಿಗ್ರಿ ದಾಟುತ್ತಿದ್ದಂತೆಯೇ ಅದಕ್ಕೆ ಸೆಕೆ ಶುರು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಶುದ್ಧ ಎಚ್‌ಎಫ್ ಕಟ್ಟುವುದು ನನ್ನ ಮಟ್ಟಿಗೆ ಹಸುವಿಗೂ ಕೈಚೀಲಕ್ಕೂ ಮಾಡುವ ಅನ್ಯಾಯ. ಅಲ್ಲಿ ಜೆರ್ಸಿ ಮಿಶ್ರತಳಿಯೋ ಎಮ್ಮೆಯೋ, ಆ ಬಿಸಿಲಿಗೇ ಹುಟ್ಟಿದ ದೇವಣಿಯೋ ಲೇಸು. ಹಸು ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ, ಜೊಲ್ಲು ಸುರಿಸುತ್ತಿದ್ದರೆ, ಆಗಲೇ ತಡವಾಗಿದೆ ಎಂದು ತಿಳಿಯಿರಿ. ಶೀಟಿನ ಸೂರು ತಗ್ಗಾಗಿದ್ದರೆ ಅದೇ ಒಲೆ. ಮೇಲೆ ಸುಣ್ಣ ಬಳಿಯಿರಿ, ತೆಂಗಿನ ಗರಿ ಹೊದಿಸಿ, ಮಧ್ಯಾಹ್ನ ಮೈಗೆ ನೀರು ಚಿಮುಕಿಸಿ ಫ್ಯಾನ್ ಹಾಕಿ. ಗಾಳಿಯಿಲ್ಲದೆ ಬರೀ ನೀರು ಹಾಕಿದರೆ ಧಗೆ ಹೆಚ್ಚುತ್ತದೆ. ಹೊಸದಾಗಿ ಕಟ್ಟುವವರು ಉದ್ದದ ಬದಿಯನ್ನು ಪೂರ್ವ ಪಶ್ಚಿಮಕ್ಕೆ ಇಟ್ಟು ಕಟ್ಟಿ, ಗೋಡೆ ಎತ್ತಬೇಡಿ.

ಮೇವಿನ ಬಗ್ಗೆ ಒಂದೇ ಮಾತು. ಹಾಲು ಹೆಚ್ಚಲಿ ಎಂದು ಹಿಂಡಿ, ಜೋಳದ ಹಿಟ್ಟು ಸುರಿಯುವುದು, ಮದುವೆ ಮನೆಯಲ್ಲಿ ಉಳಿದ ಅನ್ನವನ್ನು ಬಾನಿಗಟ್ಟಲೆ ಇಡುವುದು ಎರಡೂ ಹಸುವಿನ ಹೊಟ್ಟೆಯನ್ನು ಹುಳಿಯಾಗಿಸುತ್ತವೆ. ಒಂದೇ ರಾತ್ರಿ ಬಾನಿ ತುಂಬ ಅನ್ನ ತಿಂದು ಬೆಳಗ್ಗೆ ಎದ್ದೇಳದ ಹಸುಗಳನ್ನು ಪ್ರತಿ ಪಶುವೈದ್ಯರೂ ನೋಡಿರುತ್ತಾರೆ. ರಾಗಿ ಹುಲ್ಲು, ಹಸಿಮೇವು ಮೊದಲು, ಹಿಂಡಿ ಆಮೇಲೆ.

ಕರೆಯುವ ಹೊತ್ತು

ಕೆಚ್ಚಲು ತೊಳೆದು ಒರೆಸಿದ ಒಂದು ನಿಮಿಷದೊಳಗೆ ಹಸುವಿನ ಮೆದುಳು ಆಕ್ಸಿಟೋಸಿನ್ ಬಿಡುತ್ತದೆ, ಹಾಲು ಸೊರೆಯುತ್ತದೆ. ಅದರ ಪ್ರಭಾವ ಏಳೆಂಟು ನಿಮಿಷ ಮಾತ್ರ. ಅಷ್ಟರೊಳಗೆ ಕರೆದು ಮುಗಿಸಬೇಕು. ಹಸು ಬೆದರಿದರೆ, ಹೊಸಬರು ಕೂಗಾಡಿದರೆ, ಬಡಿಗೆಯ ಪೆಟ್ಟು ಬಿದ್ದರೆ ಅಡ್ರಿನಲಿನ್ ಅಡ್ಡ ನಿಂತು ಹಾಲು ಮೇಲೇರುತ್ತದೆ. ಬೈಯುತ್ತ ಕರೆದ ಹಾಲು ಕಡಿಮೆ ಎಂದು ನಮ್ಮ ಅಜ್ಜಿ ಹೇಳುತ್ತಿದ್ದುದಕ್ಕೆ ಇದೇ ಕಾರಣ.

ಈ ಸಹಜ ಕ್ರಿಯೆಯನ್ನು ಸೂಜಿಯಿಂದ ಮಾಡಿಸುವವರಿದ್ದಾರೆ. ನಾಟಿ ಹಸು, ಎಮ್ಮೆಗಳು ಕರು ಬಾಯಿ ಹಾಕದೆ ಸೊರೆ ಬಿಡುವುದು ಕಷ್ಟ. ಕರು ಸತ್ತರೆ ಹಿಂದೆ ಅದರ ಚರ್ಮಕ್ಕೆ ಹುಲ್ಲು ತುಂಬಿ ಮುಂದೆ ನಿಲ್ಲಿಸುತ್ತಿದ್ದರು. ಈಗ ದಿನಕ್ಕೆ ಎರಡು ಸಲ ಆಕ್ಸಿಟೋಸಿನ್ ಚುಚ್ಚುತ್ತಾರೆ. ಗರ್ಭಕೋಶ ಹಿಂಡುವ ಔಷಧಿ ಅದು, ಹೆರಿಗೆಯ ತೊಂದರೆಗೆಂದು ಪಶುವೈದ್ಯರು ಬಳಸುವಂಥದ್ದು. ದಿನವೂ ಚುಚ್ಚಿಸಿಕೊಂಡ ಹಸು ಸೂಜಿಯಿಲ್ಲದೆ ಸೊರೆ ಬಿಡುವುದನ್ನೇ ಮರೆಯುತ್ತದೆ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ, ಹಾಲು ಹೆಚ್ಚಿಸಲು ಹಸುವಿನ ಆರೋಗ್ಯಕ್ಕೆ ಹಾನಿಯಾಗುವ ಏನನ್ನೇ ಚುಚ್ಚಿದರೂ ಎರಡು ವರ್ಷದವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹಸು ಸರ್ಕಾರದ ಪಾಲು. ಅದೇ ಕಾಯ್ದೆಯ 11ನೇ ಸೆಕ್ಷನ್ನಿನಲ್ಲಿ, ದನಕ್ಕೆ ಮೇವು ನೀರು ಕೊಡದೆ ಸಾಯಿಸಿದವನಿಗೆ ಮೊದಲ ತಪ್ಪಿಗೆ ದಂಡ ಹತ್ತರಿಂದ ಐವತ್ತು ರೂಪಾಯಿ. ಅರವತ್ತು ವರ್ಷ ಕಳೆದರೂ ಈ ಮೊತ್ತ ಬದಲಾಗದಿರುವುದು ನಮಗೆಲ್ಲ ನಾಚಿಕೆಗೇಡು.

ಕರೆದ ಮೇಲೆ ಮೊಲೆತೊಟ್ಟಿನ ತೂತು ಅರ್ಧ ಗಂಟೆ ತೆರೆದೇ ಇರುತ್ತದೆ. ಅಯೋಡಿನ್ ದ್ರಾವಣದಲ್ಲಿ ತೊಟ್ಟು ಅದ್ದಿ, ಮುಂದೆ ಮೇವು ಹಾಕಿ ಹಸುವನ್ನು ನಿಲ್ಲಿಸಿಕೊಳ್ಳಿ. ಕೆಚ್ಚಲು ಬಾವಿನ ನೋವು ಎಂಥದ್ದೆಂದು ಹಾಲೂಡಿಸಿದ ತಾಯಂದಿರನ್ನು ಕೇಳಿದರೆ ತಿಳಿಯುತ್ತದೆ. ಚಿಕಿತ್ಸೆ ಕೊಟ್ಟ ಹಸುವಿನ ಹಾಲನ್ನು ವೈದ್ಯರು ಹೇಳಿದಷ್ಟು ದಿನ ಡೇರಿಗೆ ಹಾಕಬೇಡಿ. ಕರು ಹಾಕಲು ಎರಡು ತಿಂಗಳಿರುವಾಗ ಹಾಲು ಬತ್ತಿಸಲೇಬೇಕು. ಕೊನೆಯ ದಿನದವರೆಗೂ ಕರೆಯುವುದು ಮುಂದಿನ ಸೂಲಿನ ಹಾಲನ್ನೂ ಹೊಟ್ಟೆಯ ಕರುವಿನ ಬಲವನ್ನೂ ಒಟ್ಟಿಗೆ ಹಿಂಡಿದಂತೆ.

ಗಿಣ್ಣು ಯಾರದು?

ಇನ್ನು ಕರುವಿನ ಮಾತು. ಹೈನುಗಾರಿಕೆಯಲ್ಲಿ ಅತಿ ಹೆಚ್ಚು ಸಂಕಟಪಡುವುದು ಕರೆಯುವ ಹಸುವಲ್ಲ, ಅದರ ಕರು.

ಹಸು ಕರು ಹಾಕಿದರೆ ಅಕ್ಕಪಕ್ಕದ ಮನೆಗೆಲ್ಲ ಗಿಣ್ಣು ಹಂಚುವುದು ನಮ್ಮ ಕಡೆಯ ಚೆಂದದ ಪದ್ಧತಿ. ಬೆಲ್ಲ, ಏಲಕ್ಕಿ ಹಾಕಿ ಕಾಯಿಸಿದ ಗಿಣ್ಣಿನ ರುಚಿ ಬಲ್ಲವರಿಗೆ ನಾನು ಅದನ್ನು ತಿನ್ನಬೇಡಿ ಎನ್ನುತ್ತಿಲ್ಲ. ಆದರೆ ಯಾವ ಹೊತ್ತಿನ ಗಿಣ್ಣು ಎಂಬುದು ಮುಖ್ಯ. ಕರು ಹುಟ್ಟುವಾಗ ಅದರ ಮೈಯಲ್ಲಿ ರೋಗ ತಡೆಯುವ ಶಕ್ತಿ ಇಲ್ಲವೆಂದೇ ಹೇಳಬೇಕು. ಅದು ಬರುವುದು ಮೊದಲ ಹಾಲಿನಿಂದ ಮಾತ್ರ. ಆ ಶಕ್ತಿಯನ್ನು ಹೀರುವ ಕರುಳಿನ ಬಾಗಿಲು ಗಂಟೆಗಂಟೆಗೂ ಮುಚ್ಚುತ್ತ ಹೋಗಿ ಒಂದು ದಿನದೊಳಗೆ ಪೂರ್ತಿ ಮುಚ್ಚುತ್ತದೆ. ಮೂವತ್ತು ಕೆಜಿ ತೂಕದ ಕರುವಿಗೆ ಮೊದಲ ದಿನ ಮೂರು ಲೀಟರ್ ಗಿಣ್ಣು ಬೇಕು. ಅದರಲ್ಲಿ ಅರ್ಧ, ಹುಟ್ಟಿದ ಎರಡು ಗಂಟೆಯೊಳಗೆ ಹೊಟ್ಟೆ ಸೇರಬೇಕು. ಕಸ ಬೀಳಲಿ ಎಂದು ಕಾಯಬೇಡಿ. ಕರು ಎದ್ದು ನಿಲ್ಲಲಾರದಿದ್ದರೆ ಕರೆದು ನಿಪ್ಪಲ್ ಬಾಟಲಿಯಲ್ಲಿ ಕುಡಿಸಿ. ಹೊಕ್ಕುಳ ಬಳ್ಳಿಯನ್ನು ಎರಡು ಬೆರಳು ಬಿಟ್ಟು ಕಟ್ಟಿ, ಕತ್ತರಿಸಿ, ಟಿಂಚರ್ ಅಯೋಡಿನ್ ಹಚ್ಚಿ. ಮಿಶ್ರತಳಿ ಹಸುವಿನ ಕೆಚ್ಚಲಲ್ಲಿ ಕರುವಿಗೆ ಬೇಕಾದ್ದಕ್ಕಿಂತ ಹೆಚ್ಚೇ ಗಿಣ್ಣಿರುತ್ತದೆ. ಕರುವಿನ ಪಾಲು ಮುಗಿದ ಮೇಲೆ ಎರಡನೆಯ ದಿನದ್ದನ್ನು ಧಾರಾಳವಾಗಿ ಹಂಚಿ. ಅಂಗಡಿಯಲ್ಲಿ ಮೊದಲ ದಿನದ ಗಿಣ್ಣು ಎಂದು ಹೆಚ್ಚಿನ ಬೆಲೆಗೆ ಮಾರುವುದನ್ನು ಕಂಡರೆ ಕೊಳ್ಳಬೇಡಿ.

ಇದೆಲ್ಲ ಹೆಣ್ಣು ಕರುವಿಗೆ ಹೇಗೋ ಸಿಗುತ್ತದೆ. ಗಂಡು ಕರುವಿನ ಕಥೆ ಬೇರೆ. ಉಳುಮೆಗೆ ಟ್ರ್ಯಾಕ್ಟರ್ ಬಂದಿದೆ, ಎಚ್‌ಎಫ್ ಹೋರಿ ಬಿಸಿಲಲ್ಲಿ ನೇಗಿಲು ಎಳೆಯದು. ಸಾಕಿದರೆ ದಿನವೂ ಹಾಲಿನ ಖರ್ಚು. ಕರ್ನಾಟಕ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆ, 2020ರ ಪ್ರಕಾರ ಹಸು, ಕರು, ಹೋರಿ, ಎತ್ತು ಯಾವುದನ್ನೂ ಕೊಲ್ಲುವಂತಿಲ್ಲ, ಹದಿಮೂರು ವರ್ಷ ದಾಟಿದ ಎಮ್ಮೆ ಕೋಣಕ್ಕೆ ಮಾತ್ರ ವಿನಾಯಿತಿ. ಹತ್ಯೆಯನ್ನು ಕಾನೂನು ತಡೆಯಿತು, ಆದರೆ ಆ ಕರುವಿಗೆ ಮೇವು ಯಾರು ಹಾಕಬೇಕು ಎಂಬ ಪ್ರಶ್ನೆ ರೈತನ ಹೆಗಲ ಮೇಲೇ ಉಳಿಯಿತು. ಹಾಗಾಗಿ ಎಷ್ಟೋ ಗಂಡು ಕರುಗಳು ಹಾಲು ಕಾಣದೆ ಹತ್ತು ಹದಿನೈದು ದಿನದಲ್ಲಿ ಕಣ್ಣು ಮುಚ್ಚುತ್ತವೆ. ಇನ್ನು ಕೆಲವನ್ನು ರಾತ್ರಿ ಗಾಡಿಯಲ್ಲಿ ಒಯ್ದು ದೇವಸ್ಥಾನದ ಮುಂದೋ ಹೆದ್ದಾರಿಯ ಬದಿಯಲ್ಲೋ ಬಿಟ್ಟು ಬರುತ್ತಾರೆ. ಒಮ್ಮೆ ಬೆಳಗಿನ ಜಾವ ರಸ್ತೆ ಬದಿಯಲ್ಲಿ ಅಂಥದ್ದೊಂದನ್ನು ಕಂಡೆ. ಹೊಕ್ಕುಳ ಬಳ್ಳಿ ಇನ್ನೂ ಒಣಗಿರಲಿಲ್ಲ. ಹತ್ತಿರ ಹೋದಾಗ ನನ್ನ ಬೆರಳನ್ನೇ ಚೀಪತೊಡಗಿತು. ಹಸಿವಿನಿಂದ ಸಾಯಲು ಬಿಡುವುದೂ ಕೊಲೆಯೇ, ನಿಧಾನದ ಕೊಲೆ. ಹಸಿವಿಗೆ ದೂಡಿ ಬಿಟ್ಟು ಹೋಗುವುದು 1960ರ ಕಾಯ್ದೆಯಲ್ಲಿ ಅಪರಾಧವೂ ಹೌದು.

ಗಂಡು ಕರುವಿನ ಪ್ರಶ್ನೆಯನ್ನು ಅದು ಹುಟ್ಟಿದ ಮೇಲೆ ಕೇಳಿದರೆ ಉತ್ತರ ಸಿಗುವುದಿಲ್ಲ. ಹಸುವಿಗೆ ವೀರ್ಯ ಕೊಡಿಸುವ ದಿನ ಕೇಳಬೇಕು. ಲಿಂಗ ನಿರ್ಧರಿತ ವೀರ್ಯದ ಕಡ್ಡಿ ಈಗ ಪಶು ಆಸ್ಪತ್ರೆ, ಒಕ್ಕೂಟಗಳ ಮೂಲಕ ಸಿಗುತ್ತದೆ. ಅದರಲ್ಲಿ ಗಬ್ಬ ಕಟ್ಟಿದರೆ ನೂರಕ್ಕೆ ತೊಂಬತ್ತರಷ್ಟು ಹೆಣ್ಣು ಕರು. ಗಬ್ಬ ನಿಲ್ಲುವ ಪ್ರಮಾಣ ಸಾಮಾನ್ಯ ಕಡ್ಡಿಗಿಂತ ಸ್ವಲ್ಪ ಕಡಿಮೆ, ಆದ್ದರಿಂದ ಚೆನ್ನಾಗಿ ಬೆದೆಗೆ ಬರುವ ಆರೋಗ್ಯವಂತ ಮಣಕಗಳಿಗೆ ಮೊದಲು ಬಳಸಿ. ಮಣಕವನ್ನು ವಯಸ್ಸು ನೋಡಿ ಗಬ್ಬ ಮಾಡಿಸಬೇಡಿ, ಕನಿಷ್ಠ 250 ಕೆಜಿ ತೂಕ ಬಂದಿರಲಿ. ಆಮೇಲೂ ಹುಟ್ಟುವ ಒಂದೆರಡು ಗಂಡು ಕರುಗಳಿಗೆ ಗಿಣ್ಣು, ಹಾಲು, ಮೇವಿನ ಖರ್ಚನ್ನು ನಿಮ್ಮ ವರ್ಷದ ಲೆಕ್ಕದಲ್ಲೇ ಬರೆಯಿರಿ. ಮುದಿ ಹಸುವಿನದ್ದೂ ಹಾಗೆಯೇ. ಬ್ಯಾಂಕಿಗೆ ಕೊಡುವ ಯೋಜನಾ ವರದಿಯಲ್ಲಿ ಹತ್ತು ಹಸು ಹತ್ತೂ ಹಾಲು ಕೊಡುತ್ತಲೇ ಇರುತ್ತವೆ. ನಿಜವಾದ ಕೊಟ್ಟಿಗೆಯಲ್ಲಿ ಎರಡು ಮೂರು ಬತ್ತಿರುತ್ತವೆ, ಒಂದು ಕುಂಟುತ್ತಿರುತ್ತದೆ, ಒಂದಕ್ಕೆ ವಯಸ್ಸಾಗಿರುತ್ತದೆ. ನಿಮ್ಮ ಜಮೀನಿನಲ್ಲಿ ಹತ್ತು ಹಸುವಿನ ಮೇವಿದ್ದರೆ ಏಳನ್ನು ಮಾತ್ರ ಕಟ್ಟಿ.

ಕೊಳ್ಳುವಾಗ, ಕಾಯಿಲೆ ಬಂದಾಗ

ಸಂತೆಯಲ್ಲಿ ಕೆಚ್ಚಲು ಬಿರಿಯುವಂತೆ ತುಂಬಿ, ತೊಟ್ಟಿನಿಂದ ಹಾಲು ತೊಟ್ಟಿಕ್ಕುವ ಹಸು ಕಂಡರೆ ಮರುಳಾಗಬೇಡಿ. ಹಿಂದಿನ ದಿನದಿಂದ ಕರೆಯದೆ ನಿಲ್ಲಿಸಿರುತ್ತಾರೆ. ಕಾಲು ಅಗಲಿಸಿ ನಿಂತ ಆ ಹಸು ನೋವಿನಲ್ಲಿರುತ್ತದೆ. ಅಂಥದ್ದನ್ನು ನಾವು ಕೊಳ್ಳುವವರೆಗೂ ಅವರು ಹಾಗೆ ತರುತ್ತಲೇ ಇರುತ್ತಾರೆ. ಮಾರುವವರ ಮನೆಗೇ ಹೋಗಿ, ಸತತ ಮೂರು ಹೊತ್ತು ಎದುರಿಗೆ ಕರೆಸಿ ನೋಡಿ. ಮಂಡಿ, ಹಿಂಗಾಲಿನ ಕೀಲು, ಗೊರಸು ನೋಡಿ. ಸಾಗಿಸುವಾಗ ಒಂದು ಲಾರಿಯಲ್ಲಿ ಆರಕ್ಕಿಂತ ಹೆಚ್ಚು ದನ ತುಂಬುವಂತಿಲ್ಲ, 1978ರ ಸಾಗಣೆ ನಿಯಮ ಅದು.

ಕೊಂಬು ಬರದಂತೆ ಸುಡಿಸುವುದಿದ್ದರೆ ಎರಡು ಮೂರು ವಾರದ ಕರುವಿಗೆ, ಪಶುವೈದ್ಯರಿಂದ, ಮರಗಟ್ಟಿಸುವ ಇಂಜೆಕ್ಷನ್ ಕೊಡಿಸಿಯೇ ಮಾಡಿಸಿ. ಕಾಲುಬಾಯಿ ಜ್ವರದ ಲಸಿಕೆ ಆರು ತಿಂಗಳಿಗೊಮ್ಮೆ, ಕಂದುರೋಗದ್ದು ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುವಿಗೆ ಒಂದೇ ಸಲ, ಚರ್ಮಗಂಟು ರೋಗದ್ದು ಇಲಾಖೆ ಹಾಕುವಾಗ ತಪ್ಪದೆ ಹಾಕಿಸಿ. ಕರು ಹಾಕಿದ ಹಸು ಮೇಲೇಳದೆ ಕತ್ತನ್ನು ಪಕ್ಕೆಗೆ ತಿರುಗಿಸಿ ಮಲಗಿದ್ದರೆ ಅದು ಹಾಲುಜ್ವರ. ಗೊಟ್ಟದಲ್ಲಿ ಎಣ್ಣೆ, ಕಷಾಯ ಹುಯ್ಯಬೇಡಿ, ಶ್ವಾಸಕೋಶಕ್ಕೆ ಹೋಗಿ ಉಸಿರು ನಿಲ್ಲುತ್ತದೆ. ರಕ್ತನಾಳಕ್ಕೆ ಕ್ಯಾಲ್ಸಿಯಂ ಬಿದ್ದರೆ ಎಷ್ಟೋ ಹಸುಗಳು ಕೆಲವೇ ಗಂಟೆಯಲ್ಲಿ ಎದ್ದು ನಿಲ್ಲುತ್ತವೆ. 1962ಕ್ಕೆ ಫೋನ್ ಮಾಡಿ, ಪಶು ಸಂಜೀವಿನಿ ಆಂಬುಲೆನ್ಸ್ ಬರುತ್ತದೆ, ಕರೆ ಉಚಿತ.

ಹಾಲು ಕೊಳ್ಳುವವರಿಗೂ ಒಂದು ಕೆಲಸವಿದೆ. ಮನೆಗೆ ಹಾಲು ತಂದು ಹಾಕುವವರಿದ್ದರೆ, ಮಕ್ಕಳನ್ನು ಕರೆದುಕೊಂಡು ಒಂದು ಭಾನುವಾರ ಅವರ ಕೊಟ್ಟಿಗೆಗೆ ಹೋಗಿ. ಹಸು ಮಲಗಿದೆಯೇ, ಮುಂದೆ ನೀರಿದೆಯೇ ನೋಡಿ. ಹೋದ ಸೂಲಿನ ಗಂಡು ಕರು ಈಗ ಎಲ್ಲಿದೆ ಎಂದು ಮೆಲ್ಲಗೆ ಕೇಳಿ. ಚೆನ್ನಾಗಿ ಸಾಕಿದವರಾದರೆ ಲೀಟರಿಗೆ ನಾಲ್ಕು ರೂಪಾಯಿ ಹೆಚ್ಚು ಕೇಳಿದರೂ ಚೌಕಾಸಿ ಮಾಡದೆ ಕೊಡಿ.

ಹಾಸನದ ಆ ರೈತರು ಹಿತ್ತಲ ಕಡೆಯ ಗೋಡೆ ಒಡೆಸಿ ಬಯಲಿಗೆ ಬೇಲಿ ಹಾಕಿಸಿದ್ದಾರೆ. ಮೊನ್ನೆ ಫೋನಿನಲ್ಲಿ ಮಾತಿಗೆ ಸಿಕ್ಕರು. "ಮಧ್ಯಾಹ್ನ ನೋಡಿದ್ರೆ ಒಂದೂ ನಿಂತಿರಾಕಿಲ್ಲ ಸಾರ್, ಎಲ್ಲಾ ಹೊಂಗೆ ಮರದಡಿ ಮಲಗಿರ್ತವೆ" ಎಂದರು.